ಆ ಅರ್ಧ ಗಂಟೆ ಫ್ಯಾನ್ ಆಫ್

ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಫ್ಯಾನ್ ಆಫ್ ಆಗುತ್ತೆ. ಬೆಳಗ್ಗೆ 6.30, ಮಧ್ಯಾಹ್ನ 12, ಸಂಜೆ 5.30, ರಾತ್ರಿ 10. ಆ ಹೊತ್ತಿಗೆ ಕಿಟಕಿ ಮುಚ್ಚಬೇಕು, ಬಾಗಿಲು ಹಾಕಬೇಕು, ಯಾರೂ ಒಳಗೆ ಬರಬಾರದು. ಅಮ್ಮ ಇದಕ್ಕೆ ‘ಮಡಿ’ ಅಂತ ಹೆಸರಿಟ್ಟಿದ್ದಾಳೆ. ಒಂದ್ಸಲ ಊರಿಂದ ಬಂದ ಅತ್ತೆಯನ್ನೇ “ನಾನು ಮಡೀಲಿದೀನಿ, ಅಲ್ಲೇ ನಿಂತ್ಕೊಳಿ” ಅಂತ ಹೊಸಿಲ ಆಚೆ ನಿಲ್ಲಿಸಿದ್ದಳು.

ಹಿಂದೊಮ್ಮೆ ಈ ಅಂಕಣದಲ್ಲಿ, ತಿಪಟೂರಿನ ಮನೆಯಿಂದಲೇ ಕೆಲಸ ಮಾಡ್ತಿದೀನಿ ಅಂತ ಬರೆದಾಗ “ನೀವು ಪುಣ್ಯವಂತರು ಬಿಡಿ” ಅಂತ ಕೆಲವರು ಮೆಸೇಜ್ ಮಾಡಿದ್ರಿ. ಕಾರಣ ಆಗ ಹೇಳಿರಲಿಲ್ಲ. ಕಾರಣ ಇದೇ.

ಸಕ್ಕರೆ ಕಾಯಿಲೆಯಿಂದ ಅಮ್ಮನ ಎರಡೂ ಕಿಡ್ನಿ ಕೈಕೊಟ್ಟಿವೆ. ಮೊದಲ ಎರಡು ತಿಂಗಳು ಆಸ್ಪತ್ರೆಯ ಮಿಷನ್ನಿನಲ್ಲಿ ಡಯಾಲಿಸಿಸ್ ಆಯ್ತು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಹೋಗಿ ಬರೋದು ಬೇರೆ. ಅಮ್ಮನ ಪಾಲಿಗೆ ವಾರದಲ್ಲಿ ಉಳಿದಿದ್ದು ಸೋಮವಾರ, ಬುಧವಾರ, ಶುಕ್ರವಾರ ಮಾತ್ರ. ಮಧ್ಯದ ದಿನಗಳನ್ನ ಸುಸ್ತಾಗಿ ಮಲಗಿಯೇ ಕಳೀತಿದ್ದಳು. ಆಮೇಲೆ ಡಾಕ್ಟರು ಪೆರಿಟೋನಿಯಲ್ ಡಯಾಲಿಸಿಸ್ ಬಗ್ಗೆ ಹೇಳಿದ್ರು. ಹೊಟ್ಟೆಯೊಳಗಿನ ತೆಳು ಪೊರೆಯೇ ಜರಡಿ. ಹೊಟ್ಟೆಗೆ ಹಾಕಿದ ಮೆತ್ತನೆಯ ಟ್ಯೂಬಿನ ಮೂಲಕ ಎರಡು ಲೀಟರ್ ದ್ರಾವಣ ಒಳಗೆ ಬಿಡೋದು, ಕೆಲವು ಗಂಟೆ ಒಳಗೇ ಇರಿಸೋದು. ರಕ್ತದ ಕಶ್ಮಲ, ಹೆಚ್ಚಿನ ನೀರು ಪೊರೆ ದಾಟಿ ಅದಕ್ಕೆ ಸೇರುತ್ತೆ. ಅದನ್ನ ಹೊರಗೆ ಬಸಿದು ಹೊಸದು ತುಂಬಿಸೋದು. ಮನೆಯಲ್ಲೇ ಮಾಡ್ಕೋಬಹುದು, ವಿದ್ಯುತ್ ಕೂಡ ಬೇಡ. ಅಮ್ಮನ ಬೆರಳು ಜೋಮು ಹಿಡಿಯೋದ್ರಿಂದ ಪೈಪು ಜೋಡಿಸೋ ಕೆಲಸ ನಂದು. ಇಬ್ಬರಿಗೂ ಆಸ್ಪತ್ರೆಯಲ್ಲಿ ತರಬೇತಿ ಕೊಟ್ಟು, ಪರೀಕ್ಷೆ ಮಾಡಿಯೇ ಕಳಿಸಿದ್ದು. ಎಂಜಿನಿಯರಿಂಗ್‌ನಲ್ಲಿ ಯಾವ ಲ್ಯಾಬ್ ಪರೀಕ್ಷೆಗೂ ನಾನು ಅಷ್ಟು ಬೆವರಿರಲಿಲ್ಲ.

ಹದಿಮೂರು ತಿಂಗಳು ಏನೂ ತೊಂದರೆ ಆಗಲಿಲ್ಲ. ಆ ಹದಿಮೂರು ತಿಂಗಳೇ ನನ್ನನ್ನ ಕೆಡಿಸಿದ್ದು.

ಒಂದು ಸಂಜೆ 5.30ಕ್ಕೇ ರಿಲೀಸ್ ಕಾಲ್. ಮಾತಾಡೋದೇನೂ ಇಲ್ಲ, ಕೇಳಿಸಿಕೊಂಡ್ರೆ ಸಾಕು ಅಂತ ಇಯರ್‌ಬಡ್ ಕಿವಿಗೆ ಹಾಕ್ಕೊಂಡೇ ಕೂತೆ. ಮಾಸ್ಕ್ ಹಾಕಿದ್ದೆ, ಕೈ ತೊಳೆದಿದ್ದೆ, ಟೇಬಲ್ ಒರೆಸಿದ್ದೆ. ಇನ್ನೇನು ಮುಚ್ಚಳ ತೆಗೆದು ಜೋಡಿಸಬೇಕು, ಅಷ್ಟರಲ್ಲಿ ಮ್ಯಾನೇಜರ್ ನನ್ನ ಹೆಸರು ಕರೆದರು. ಅನ್‌ಮ್ಯೂಟ್ ಮಾಡೋಕೆ ಕಿವಿ ಮುಟ್ಟಿದೆ, “ಹೌದು, ಆಗಿದೆ” ಅಂದೆ, ಅದೇ ಕೈಯಲ್ಲಿ ಪೈಪು ಜೋಡಿಸಿದೆ. ಬೆರಳು ತುದಿಗೆ ತಾಕಿದ ಹಾಗೆ ಅನ್ನಿಸಿತು. ಹೆಚ್ಚಂದ್ರೆ ಹತ್ತು ಸೆಕೆಂಡಿನ ಕಥೆ. ಅಮ್ಮನಿಗೆ ಹೇಳಲಿಲ್ಲ.

ಮೂರನೇ ದಿನ ಬೆಳಗ್ಗೆ ಹೊಟ್ಟೆಯಿಂದ ಬಸಿದ ನೀರು ನೋಡಿ ಅಮ್ಮನೇ ಹೇಳಿದಳು: “ಇದೇನೋ ಅಕ್ಕಿ ತೊಳೆದ ನೀರಿನ ಹಾಗಿದೆ?”

ಬಸಿದ ನೀರು ತಿಳಿಯಾಗಿರಬೇಕು. ಬ್ಯಾಗನ್ನ ಪೇಪರ್ ಮೇಲಿಟ್ಟರೆ ಅಕ್ಷರ ಓದೋಕೆ ಬರಬೇಕು ಅಂತ ನರ್ಸ್ ಹೇಳಿಕೊಟ್ಟಿದ್ದರು. ಅವತ್ತು ತಲೆಬರಹವೂ ಕಾಣಲಿಲ್ಲ. ಹೊಟ್ಟೆನೋವು ಶುರುವಾಗಿತ್ತು. ಬ್ಯಾಗ್ ಸಮೇತ ಕಾರು ಹತ್ತಿದೆವು. ಪೊರೆಯ ಸೋಂಕು, ಪೆರಿಟೊನೈಟಿಸ್. ಆ ನೀರಿನ ಒಂದು ಮೈಕ್ರೋಲೀಟರ್‌ನಲ್ಲಿ ಬಿಳಿರಕ್ತಕಣ 100 ದಾಟಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಇದ್ದರೆ ಅನುಮಾನ ಗಟ್ಟಿ ಅಂತೆ. ಅಮ್ಮನದು ಸಾವಿರ ದಾಟಿತ್ತು. ಆಂಟಿಬಯೋಟಿಕ್ಕನ್ನ ದ್ರಾವಣದ ಬ್ಯಾಗಿಗೇ ಬೆರೆಸಿ ಹೊಟ್ಟೆಗೆ ಬಿಟ್ಟರು.

ಡಾಕ್ಟರು ಬೈಯಲಿಲ್ಲ. “ಏನಪ್ಪಾ, ಈಚೆಗೆ ಮನೇಲಿ ಏನಾದ್ರೂ ಬದಲಾಗಿತ್ತಾ?” ಅಂತ ಮಾತ್ರ ಕೇಳಿದ್ರು. ಆಫೀಸಲ್ಲಿ ಸರ್ವರ್ ಬಿದ್ದಾಗ ನಾವು ಕೇಳೋ ಮೊದಲ ಪ್ರಶ್ನೆಯೂ ಇದೇ. ಹೇಳಿಬಿಟ್ಟೆ. ಅದರಿಂದಲೇ ಬಂತು ಅಂತ ಯಾರೂ ಖಚಿತವಾಗಿ ಹೇಳೋಕಾಗಲ್ಲ ಅಂದ್ರು. ಆದರೆ ಕಲ್ಚರ್‌ನಲ್ಲಿ ಆಮೇಲೆ ಸಿಕ್ಕಿದ್ದು ಚರ್ಮದ ಮೇಲೆ ವಾಸ ಮಾಡೋ ಬ್ಯಾಕ್ಟೀರಿಯಾ. ಅವರಿಗೆ ಬೇಸರ ಆಗಿದ್ದು ಇನ್ನೊಂದಕ್ಕೆ. ಕೈ ತಾಕಿತು ಅನ್ನಿಸಿದ ತಕ್ಷಣ ಫೋನ್ ಮಾಡಿದ್ದರೆ ಪೈಪಿನ ಹೊರತುದಿ ಬದಲಾಯಿಸಿ, ಮುಂಚೆಯೇ ಔಷಧಿ ಕೊಡಬಹುದಿತ್ತಂತೆ. ಎರಡು ದಿನ ಸುಮ್ಮನಿದ್ದೆನಲ್ಲ, ಅದು ನನ್ನ ಲೆಕ್ಕಕ್ಕೆ.

“ಐದು ದಿನದಲ್ಲಿ ನೀರು ತಿಳಿಯಾಗದಿದ್ರೆ ಟ್ಯೂಬ್ ತೆಗೀಬೇಕಾಗುತ್ತೆ” ಅಂದ್ರು. ಟ್ಯೂಬ್ ತೆಗೆದರೆ ಮತ್ತೆ ಮಿಷನ್ನು, ಮತ್ತೆ ಆ ಸೋಮ, ಬುಧ, ಶುಕ್ರ. ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ನಾನು ಓದಿದ್ದು ಈ ಚಿಕಿತ್ಸೆಯ ಕಥೆ. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಜ್ಯಾಕ್ ಮಾಂಕ್ರೀಫ್ ಅನ್ನೋ ಡಾಕ್ಟರು, ರಾಬರ್ಟ್ ಪೊಪೊವಿಚ್ ಅನ್ನೋ ಎಂಜಿನಿಯರು ಸೇರಿ ಇದನ್ನ ರೂಪಿಸಿದ್ರು. (ಎಂಜಿನಿಯರ್ ಒಬ್ಬ ಇದ್ದ ಅಂತ ಓದಿ ಸ್ವಲ್ಪ ಸಮಾಧಾನವೂ ಆಯ್ತು.) ಮಿಷನ್ನಿಗೆ ರಕ್ತನಾಳ ಸಿಗದ ಒಬ್ಬ ರೋಗಿಗಾಗಿ ಲೆಕ್ಕ ಹಾಕಿ, ದಿನಕ್ಕೆ ಎರಡೆರಡು ಲೀಟರ್ ಐದು ಸಲ ಬದಲಾಯಿಸಿದ್ರೆ ಸಾಕಾಗುತ್ತೆ ಅಂತ ಕಂಡುಕೊಂಡರು. ಲೆಕ್ಕ ಸರಿಯಿತ್ತು. ಆದರೆ ದ್ರಾವಣ ಬರ್ತಿದ್ದದ್ದು ಗಾಜಿನ ಬಾಟಲಿಯಲ್ಲಿ. ಪ್ರತಿ ಸಲ ಬಿಚ್ಚು, ಜೋಡಿಸು, ಮತ್ತೆ ಬಿಚ್ಚು. ಸರಾಸರಿ ಹತ್ತು ವಾರಕ್ಕೊಮ್ಮೆ ಸೋಂಕು. ಇಷ್ಟು ಸೋಂಕಿದ್ದರೆ ಯಾವ ಮನೆಯವರು ತಾನೇ ಧೈರ್ಯ ಮಾಡ್ತಾರೆ?

ದಾರಿ ತೋರಿಸಿದವರು ಕೆನಡಾದ ಟೊರಾಂಟೊದಲ್ಲಿದ್ದ, ಗ್ರೀಸ್‌ನಲ್ಲಿ ಹುಟ್ಟಿದ ಡಿಮಿಟ್ರಿಯೋಸ್ ಒರಿಯೊಪುಲೋಸ್ ಅನ್ನೋ ಡಾಕ್ಟರು. ಅಲ್ಲಿ ದ್ರಾವಣ ಪ್ಲಾಸ್ಟಿಕ್ ಚೀಲದಲ್ಲಿ ಸಿಗ್ತಿತ್ತು. ದ್ರಾವಣ ಒಳಗೆ ಹೋದ ಮೇಲೆ ಖಾಲಿ ಚೀಲ ಬಿಚ್ಚಲೇಬೇಡಿ, ಮಡಚಿ ಬಟ್ಟೆಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಅಂದ್ರು. ಕೆಲವು ಗಂಟೆ ಆದ ಮೇಲೆ ಅದೇ ಚೀಲ ಕೆಳಗಿಟ್ಟು ಬಸಿಯಿರಿ, ಆಮೇಲೆ ಹೊಸ ಚೀಲ ಹಾಕಿ. ಅಂದ್ರೆ ಬಿಚ್ಚಿ ಜೋಡಿಸೋದು ಸಲಕ್ಕೆ ಒಂದೇ ಬಾರಿ. 1978ರಲ್ಲಿ ಅವರು ಇದನ್ನ ಪ್ರಕಟಿಸಿದಾಗ ಸೋಂಕು ಸುಮಾರು ಹತ್ತು ತಿಂಗಳಿಗೊಮ್ಮೆಗೆ ಇಳಿದಿತ್ತು.

ನಾನು ಎರಡೆರಡು ಸಲ ಓದಿದ್ದು ಅದರ ಮುಂದಿನ ಹೆಜ್ಜೆ. ಇಟಲಿಯ ಪೆರುಜಾದಲ್ಲಿ ಉಂಬರ್ತೊ ಬುವೊನ್‌ಕ್ರಿಸ್ತಿಯಾನಿ ಅನ್ನೋ ಡಾಕ್ಟರು ಯೋಚಿಸಿದ್ದು ಹೀಗೆ: ಜೋಡಿಸೋವಾಗ ಮನುಷ್ಯನ ಕೈ ತಪ್ಪೇ ತಪ್ಪುತ್ತೆ. ಹಾಗೆ ಬಾಯಲ್ಲಿ ಕೂತ ಕ್ರಿಮಿ, ಹೊಸ ದ್ರಾವಣ ಬಿಟ್ಟ ಕೂಡಲೇ ಅದರ ಜೊತೆ ಸೀದಾ ಹೊಟ್ಟೆಗೆ ಹೋಗುತ್ತೆ. ಅದರ ಬದಲು ಇಂಗ್ಲಿಷಿನ ‘ವೈ’ ಅಕ್ಷರದಂತೆ ಪೈಪು ಮಾಡಿ, ಜೋಡಿಸಿದ ಮೇಲೆ ಮೊದಲು ಹೊರಗೆ ಹರಿಸಿದ್ರೆ? ಪೈಪಿನ ಬಾಯಿ ತೊಳೆದುಹೋಗುತ್ತೆ, ಆಮೇಲೆ ತುಂಬಿಸಿದ್ರಾಯ್ತು. ಇಟಲಿಯದೇ ಬ್ರೆಶಾ ಊರಿನ ಮಯೋರ್ಕಾ ಮತ್ತು ಸಂಗಡಿಗರು ಈ ಪೈಪನ್ನ, ಸೋಂಕುನಿವಾರಕವನ್ನೂ ಸೇರಿಸಿ, ಹಳೇ ಪದ್ಧತಿಯ ಎದುರಿಗಿಟ್ಟು ಪರೀಕ್ಷೆ ಮಾಡಿದ್ರು. 1983ರ ‘ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು. ಹಳೇ ಪದ್ಧತಿಯಲ್ಲಿ ಸುಮಾರು 11 ತಿಂಗಳಿಗೊಂದು ಸೋಂಕು, ಹೊಸದರಲ್ಲಿ 33 ತಿಂಗಳಿಗೊಂದು.

ಕಿಡ್ನಿಗೆ ಒಂದೂ ಹೊಸ ಔಷಧಿ ಬರದೆ, ಬರೀ ಹೆಜ್ಜೆಗಳ ಕ್ರಮ ತಿರುಗಿಸಿ ಇಷ್ಟು ಸಾಧಿಸಿದ್ರಲ್ಲ! ಈಗ ನಮ್ಮ ಮನೆಗೆ ರಟ್ಟಿನ ಪೆಟ್ಟಿಗೆಯಲ್ಲಿ ಬರೋದು ಅದೇ ವಂಶದ್ದು. ತುಂಬಿದ ಚೀಲ, ಖಾಲಿ ಚೀಲ ಎರಡೂ ಕಾರ್ಖಾನೆಯಲ್ಲೇ ಜೋಡಿಯಾಗಿರುತ್ತೆ. ನಾವು ಸೇರಿಸೋದು ಒಂದೇ ಒಂದು ಕಡೆ. ಮೊದಲು ಬಸಿಯೋದು, ಆಮೇಲೆ ಐದು ಎಣಿಸೋವರೆಗೆ ಹೊಸ ದ್ರಾವಣ ಹೊರಗೆ ಹರಿಸೋದು, ಆಮೇಲೆ ತುಂಬಿಸೋದು. ‘ಐದು ಎಣಿಸಿ’ ಅಂತ ನರ್ಸ್ ಯಾಕೆ ಅಷ್ಟು ಒತ್ತಿ ಹೇಳ್ತಿದ್ರು ಅಂತ ಬೆಂಚಿನ ಮೇಲೆ ಕೂತಾಗ ಅರ್ಥ ಆಯ್ತು. ಅದು ಬಹುಪಾಲು ಕ್ರಿಮಿಯನ್ನ ಕೊಚ್ಚಿ ಹಾಕುತ್ತೆ, ಎಲ್ಲವನ್ನೂ ಅಲ್ಲ. ತಜ್ಞರ ಅಂತರರಾಷ್ಟ್ರೀಯ ಸಂಘದ 2022ರ ಮಾರ್ಗಸೂಚಿ ಪ್ರಕಾರ ಒಂದು ಚಿಕಿತ್ಸಾ ಕೇಂದ್ರದಲ್ಲಿ ಸೋಂಕು ಸರಾಸರಿ ಎರಡೂವರೆ ವರ್ಷಕ್ಕೊಂದನ್ನ ಮೀರಬಾರದು. ನಾವು ಹದಿಮೂರು ತಿಂಗಳಿಗೇ ನಮ್ಮ ಪಾಲಿನದು ಮುಗಿಸಿಕೊಂಡಿದ್ವಿ.

ಮಿಷನ್ ಡಯಾಲಿಸಿಸ್‌ನಲ್ಲೂ ಸೋಂಕಿಗೆ ಬಾಗಿಲು ಇದ್ದೇ ಇದೆ, ಅಲ್ಲಿ ಅದು ರಕ್ತಕ್ಕೇ ತೆರೆದಿರುತ್ತೆ. ಕುತ್ತಿಗೆಯ ಕ್ಯಾತಿಟರ್‌ಗಿಂತ ಕೈಯಲ್ಲಿ ಅಪಧಮನಿ, ಅಭಿಧಮನಿ ಸೇರಿಸಿ ಮಾಡೋ ಫಿಸ್ಟುಲಾದಲ್ಲಿ ಸೋಂಕು ಕಡಿಮೆ. ಅದು ಬಲಿಯೋಕೆ ವಾರಗಳು, ತಿಂಗಳುಗಳು ಬೇಕು, ಹಾಗಾಗಿ ಮೊದಲೇ ಮಾಡಿಸಬೇಕು. ನಮಗೂ ಡಾಕ್ಟರು ಮುಂಚೆಯೇ ಹೇಳಿದ್ರು. ನಾವು ಯುಗಾದಿ ಕಳೀಲಿ, ತಂಗಿ ಸೀಮಂತ ಆಗಲಿ ಅಂತ ಮುಂದೂಡಿದ್ವಿ. ಆಮೇಲೆ ತುರ್ತಾಗಿ ಅಮ್ಮನ ಕುತ್ತಿಗೆಗೆ ಟ್ಯೂಬ್ ಹಾಕಿಸಬೇಕಾಯ್ತು. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಈ ಮಾತು ಬಂದಿದ್ರೆ, ಸೀಮಂತಕ್ಕೆ ಕಾಯಬೇಡಿ.

ಎರಡನೇ ದಿನ ನೀರು ಇನ್ನೂ ಕದಡಿತ್ತು. ಮೂರನೇ ದಿನ ಸಂಜೆ ಸ್ವಲ್ಪ ತಿಳಿಯಾಯ್ತು. ನಾಲ್ಕನೇ ದಿನ ಕಣಗಳ ಸಂಖ್ಯೆ ಚೆನ್ನಾಗಿ ಇಳಿದಿತ್ತು. ಟ್ಯೂಬ್ ಉಳೀತು.

ಮನೆಗೆ ಬಂದ ಮೇಲೆ ಅಮ್ಮನಿಗೆ ಇಯರ್‌ಬಡ್ ವಿಷಯ ಹೇಳಿದೆ. “ಗೊತ್ತು ಕಣೋ. ಅವತ್ತೇ ನೋಡಿದ್ದೆ. ನೀನೇ ಹೇಳ್ತೀಯೇನೋ ಅಂತ ಕಾದೆ” ಅಂದಳು. ಆಮೇಲೆ ಒಂದು ವಾರ, ಜೋಮು ಹಿಡಿದ ಬೆರಳಲ್ಲೇ ಅವಳೇ ಜೋಡಿಸಿಕೊಂಡಳು. ಮಾಸ್ಕ್ ಹಾಕ್ಕೊಂಡು ಪಕ್ಕದಲ್ಲಿ ನಿಂತು ಐದು ಎಣಿಸೋದಷ್ಟೇ ನನ್ನ ಕೆಲಸ.

ಈಗ ಕೆಲಸ ಮತ್ತೆ ನನ್ನ ಕೈಗೆ ಬಂದಿದೆ. 5.30ರಿಂದ 6ರವರೆಗೆ ನನ್ನ ಆಫೀಸ್ ಕ್ಯಾಲೆಂಡರ್‌ನಲ್ಲಿ ‘ಮಡಿ’ ಅಂತ ಬ್ಲಾಕ್ ಮಾಡಿದೀನಿ. ಅದೇನು ಅಂತ ದೆಹಲಿಯ ಮ್ಯಾನೇಜರ್ ಇನ್ನೂ ಕೇಳಿಲ್ಲ. ಫೋನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಪಕ್ಕ. ನಿನ್ನೆ ಸಂಜೆ ಬಸಿದ ಬ್ಯಾಗನ್ನ ಪೇಪರ್ ಮೇಲಿಟ್ಟು ಅಮ್ಮ ಬಗ್ಗಿ ನೋಡಿದಳು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

“ಕೊಬ್ಬರಿ ರೇಟು ಮತ್ತೆ ಇಳಿದಿದೆ ನೋಡೋ” ಅಂದಳು.