ಕಿತ್ತುಕೊಂಡಿದ್ದರ ಲೆಕ್ಕ ಯಾರು ನೋಡ್ತಾರೆ?



ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ಹೋದವರಿಗೆ ಗೊತ್ತು. ರೀಲರು ಲಾಟಿನ ಮೇಲಿಂದ ಒಂದು ಹಿಡಿ, ಒಳಗಿಂದ ಒಂದು ಹಿಡಿ ಗೂಡು ತೆಗೆದು ಹಿಸುಕಿ ನೋಡಿ ಬೆಲೆ ಕಟ್ಟುತ್ತಾನೆ. ಸರ್ಕಾರವೂ ಹೀಗೇ ನೋಡುತ್ತದೆ, ಆದರೆ ಕೊಟ್ಟವರ ರಾಶಿಯಲ್ಲಿ ಮಾತ್ರ. ಅನರ್ಹರು ಎಷ್ಟು ತಿಂದರು ಅಂತ ಹುಡುಕುತ್ತದೆ. ಹುಡುಕಲಿ, ಬೇಡ ಅನ್ನೋದಿಲ್ಲ. ಮನೆಮುಂದೆ ಕಾರು ನಿಲ್ಲಿಸಿಕೊಂಡು ಬಿಪಿಎಲ್ ಅಕ್ಕಿ ತರುವವರು ನಮ್ಮ ಮುರುಗಮಲ್ಲದ ಕಡೆಯೂ ಇದ್ದಾರೆ. ಆದರೆ ಕಿತ್ತುಕೊಂಡವರ ರಾಶಿಗೆ ಕೈಹಾಕಿ, ಇವರಲ್ಲಿ ಅರ್ಹರೆಷ್ಟು ಮಂದಿ ಅಂತ ನೋಡೋರು ಯಾರು?

2024ರ ನವೆಂಬರು ನೆನಪು ಮಾಡಿಕೊಳ್ಳಿ. ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ತಳ್ಳಿದರು. ಗದ್ದಲ ಎದ್ದಿತು. ಅದೇ ತಿಂಗಳು, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಿತು. ಅಂದಮೇಲೆ ಕಿತ್ತಿದ್ದು ತಪ್ಪು ಅಂತ ಒಪ್ಪಿದಂತಾಯಿತಲ್ಲ! ಟ್ರ್ಯಾಕ್ಟರ್ ಸಾಲಕ್ಕೆ ಬ್ಯಾಂಕಿನವರು ಕೇಳಿದರು ಅಂತ ರಿಟರ್ನ್ ಸಲ್ಲಿಸಿ, ಒಂದು ಪೈಸೆ ತೆರಿಗೆ ಕಟ್ಟದವನೂ ತೆರಿಗೆದಾರನ ಪಟ್ಟಿಗೆ ಬಿದ್ದದ್ದುಂಟು.

ಕಾರ್ಡು ಹೋದರೆ ಬರೀ ಅಕ್ಕಿ ಹೋಗೋದಿಲ್ಲ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ನಿಗದಿ ದರದ ಶೇ. 30 ಮಾತ್ರ ಸರ್ಕಾರದ್ದು. ಉಳಿದ 70 ಎಲ್ಲಿಂದ ತರಬೇಕು? ಕೈಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ.

2019ರಲ್ಲಿ ಶುರುವಾದ ಪಿಎಂ ಕಿಸಾನ್ ಕಥೆಯೂ ಇದೇ. ವರ್ಷಕ್ಕೆ 6,000, ಮೂರು ಕಂತು. ಪೌತಿ ಖಾತೆ ಆಗದೆ ಪಹಣಿ ಸತ್ತ ಅಪ್ಪನ ಹೆಸರಲ್ಲೇ ಇದ್ದರೆ ಹಣವಿಲ್ಲ. ಇ-ಕೆವೈಸಿ ಆಗದಿದ್ದರೆ ಇಲ್ಲ. ನನ್ನದೇ ಹೇಳ್ತೀನಿ. ಪಹಣಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರಿನಲ್ಲಿ ಹಿಂದೆ. ಕಂತು ನಿಂತಿತು. ಮೂರು ಸಲ ಕಚೇರಿಗೆ ಹೋದೆ, "ಕಂಪ್ಯೂಟರಲ್ಲಿ ಬರ್ತಿಲ್ಲ ಯಜಮಾನ್ರೇ" ಅಂದರು. ಕಾರಣ ಬರೆದ ಒಂದು ಚೀಟಿಯೂ ಸಿಗಲಿಲ್ಲ. ಆ ಸಲ ಗೊಬ್ಬರ ಉದ್ರಿ ತಂದೆ.

ಅಮೆರಿಕವನ್ನು ಹೊಗಳೋದು ನನ್ನ ಜಾಯಮಾನವಲ್ಲ. ಆದರೂ ಅಲ್ಲಿ ಬಡವರಿಗೆ ಆಹಾರ ಕೊಳ್ಳಲು ನೆರವು ಕೊಡುವ ಸ್ನ್ಯಾಪ್ ಯೋಜನೆಯಲ್ಲಿ ಒಂದು ಕಟ್ಟಳೆ ಇದೆ. ಅರ್ಜಿ ತಿರಸ್ಕರಿಸಿದ, ನೆರವು ನಿಲ್ಲಿಸಿದ ಕಡತಗಳಲ್ಲೂ ಪ್ರತಿ ರಾಜ್ಯ ತಿಂಗಳು ತಿಂಗಳು ಒಂದಷ್ಟನ್ನು ಎತ್ತಿ ಮತ್ತೆ ಪರಿಶೀಲಿಸಬೇಕು. ನಿಲ್ಲಿಸಿದ್ದು ಸರಿಯೇ, ಕಾರಣವನ್ನು ಸರಿಯಾಗಿ ಬರೆದು ತಿಳಿಸಿದರೇ, ಎರಡನ್ನೂ ನೋಡುತ್ತಾರೆ. ನೂರಕ್ಕೆ ಎಷ್ಟು ತಪ್ಪು ಅಂತ ಲೆಕ್ಕ ಹಾಕುತ್ತಾರೆ.

ನಮ್ಮಲ್ಲಿ 2013ರ ಆಹಾರ ಭದ್ರತಾ ಕಾಯ್ದೆ ಜಿಲ್ಲೆಗೊಬ್ಬ ಕುಂದುಕೊರತೆ ಅಧಿಕಾರಿ ಇರಬೇಕು ಅನ್ನುತ್ತದೆ. ಒಳ್ಳೆಯದೇ. ಆದರೆ ಅವರ ಬಾಗಿಲಿಗೆ ಹೋಗಿ ದೂರು ಕೊಡಬೇಕಾದವರು ನಾವು. ಚಿಕ್ಕಬಳ್ಳಾಪುರಕ್ಕೆ ಒಂದು ದಿನದ ಕೂಲಿ ಬಿಟ್ಟು ಹೋಗಲಾಗದ ಮುದುಕಿಯ ಕಡತವನ್ನು ಯಾರು ತೆರೆಯುತ್ತಾರೆ? ತಾಲ್ಲೂಕಿನಲ್ಲಿ ರದ್ದಾದ ಕಾರ್ಡು, ನಿಂತ ಪಿಂಚಣಿ, ನಿಂತ ಕಂತುಗಳಲ್ಲಿ ಪ್ರತಿ ತಿಂಗಳು ನೂರನ್ನು ಚೀಟಿ ಎತ್ತಲಿ. ಕಿತ್ತ ಅಧಿಕಾರಿ ಬೇಡ, ಬೇರೊಬ್ಬರು ಮನೆಬಾಗಿಲಿಗೆ ಹೋಗಿ ನೋಡಲಿ. ಫಲಿತಾಂಶ ಪಂಚಾಯ್ತಿ ಗೋಡೆಗೆ ಅಂಟಿಸಲಿ.

ಮುಂದಿನ ಗ್ರಾಮಸಭೆಗೆ ಇದನ್ನೇ ನಿರ್ಣಯವಾಗಿ ತರೋಣ. ಬರುವಾಗ ರದ್ದಾದ ಕಾರ್ಡು, ಪಹಣಿ, ಪಾಸ್‌ಬುಕ್ಕು ತನ್ನಿ. ಕಾರಣ ಹೇಳದೆ ನಿಲ್ಲಿಸಿದ್ದರೆ ಯಾವ ತಿಂಗಳಿಂದ ಅಂತ ಬರೆದುಕೊಂಡು ಬನ್ನಿ.