ಭೂಕಂಪ ಯಾರ ಪಾಪದ ಫಲ?

1934ರ ಜನವರಿ 15ರ ಮಧ್ಯಾಹ್ನ ಬಿಹಾರ ಹಾಗೂ ನೇಪಾಳಗಳಲ್ಲಿ ಭೂಮಿ ನಡುಗಿತು. ಮುಂಗೇರ್ ಪಟ್ಟಣ ಕಲ್ಲುಮಣ್ಣಿನ ರಾಶಿಯಾಯಿತು. ಉತ್ತರ ಬಿಹಾರದ ಹೊಲಗಳು ಬಾಯ್ದೆರೆದು ಮರಳು ಬೆರೆತ ನೀರನ್ನು ಕಾರಿದವು. ಹತ್ತು ಸಾವಿರಕ್ಕೂ ಹೆಚ್ಚು ಜನ ಮಡಿದರು. ಆಗ ಹರಿಜನೋದ್ಧಾರದ ಪ್ರವಾಸದಲ್ಲಿದ್ದ ಗಾಂಧೀಜಿಯವರು ಜನವರಿ 24ರಂದು ತಿರುನೆಲ್ವೇಲಿಯಲ್ಲಿ, ಈ ವಿಪತ್ತು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರು ವಿಧಿಸಿದ ಶಿಕ್ಷೆಯೆಂದು ಸಾರಿದರು.

ಇದನ್ನು ಪ್ರತಿಭಟಿಸಿದ ರವೀಂದ್ರನಾಥ ಠಾಕೂರರು ನಾಸ್ತಿಕರಲ್ಲ. ಉಪನಿಷತ್ತಿನ ಗಾಳಿಯಲ್ಲೇ ಬೆಳೆದವರು, ಅಸ್ಪೃಶ್ಯತೆಯನ್ನು ಗಾಂಧೀಜಿಯವರಷ್ಟೇ ಖಂಡಿಸಿದವರು. ಭೌತಿಕ ವಿಪತ್ತಿಗೆ ಭೌತಿಕ ಕಾರಣಗಳೇ ಇರುತ್ತವೆ, ಇದೇ ತರ್ಕವನ್ನು ಗಾಂಧೀಜಿಯವರ ವಿರೋಧಿಗಳೂ ಅವರ ಮೇಲೆಯೇ ತಿರುಗಿಸಬಲ್ಲರು ಎಂಬುದು ಅವರ ವಾದ. ಫೆಬ್ರವರಿ 16ರ 'ಹರಿಜನ' ಪತ್ರಿಕೆಯಲ್ಲಿ ಆ ಪ್ರತಿಭಟನೆಯೂ ಗಾಂಧೀಜಿಯವರ ಉತ್ತರವೂ ಒಟ್ಟಿಗೇ ಪ್ರಕಟವಾದವು. ವಿರೋಧಿಯ ಮಾತನ್ನು ತಮ್ಮದೇ ಪತ್ರಿಕೆಯಲ್ಲಿ ಅಚ್ಚುಮಾಡಿಸುವ ಈ ಔದಾರ್ಯ ಇಂದು ವಿರಳ.

ಆದರೆ ಉತ್ತರದ ತಿರುಳು ಒಪ್ಪತಕ್ಕದ್ದಲ್ಲ. ತಮ್ಮ ನಂಬಿಕೆ ನಿರಾಧಾರವೆಂದು ಮುಂದೆ ತಿಳಿದುಬಂದರೂ ಅದರಿಂದ ಒಳಿತೇ ಆಗುವುದು, ಏಕೆಂದರೆ ಅದು ಆತ್ಮಶುದ್ಧಿಗೆ ಪ್ರೇರಣೆ ನೀಡಿರುತ್ತದೆ ಎಂಬುದು ಅವರ ನಿಲುವು. ಸತ್ಯವನ್ನೇ ದೇವರೆಂದವರ ಲೇಖನಿಯಿಂದ ಬಂದ ಮಾತಿದು! ಹಿತಕರವಾದ ಮಾತ್ರಕ್ಕೆ ಒಂದು ವಿವರಣೆ ನಿಜವಾಗುವುದಾದರೆ ಸತ್ಯವ್ರತಕ್ಕೆ ಅರ್ಥವೇನು ಉಳಿಯಿತು?

ಹಿತವಾದರೂ ಯಾರಿಗೆ? ಮುಂಗೇರಿನ ಅವಶೇಷಗಳಡಿ ಸಿಕ್ಕ ಕೂಸು ಯಾರನ್ನು ಮುಟ್ಟಲು ನಿರಾಕರಿಸಿತ್ತು? ಮೇಲುಜಾತಿಯ ಮಾಳಿಗೆ ಕುಸಿದ ಕ್ಷಣದಲ್ಲೇ ಅದರ ಅಂಗಳ ಗುಡಿಸುವವಳ ಗುಡಿಸಲೂ ಕುಸಿಯಿತು. ಅಪರಾಧಿಯನ್ನೂ ಅವನಿಂದ ನೊಂದವಳನ್ನೂ ಒಂದೇ ಕಲ್ಲಿನಿಂದ ಹೊಡೆಯುವುದಕ್ಕೆ ನ್ಯಾಯವೆಂಬ ಹೆಸರು ಸಲ್ಲದು. ಹಿಮಾಲಯದ ಬುಡದ ಅದೇ ಬಿರುಕು 1255ರಲ್ಲೂ ಸೀಳಿತ್ತೆಂಬುದನ್ನು ಭೂವಿಜ್ಞಾನಿಗಳು ನೇಪಾಳದಲ್ಲಿ ನೆಲ ಅಗೆದು ಕಂಡುಕೊಂಡು 2013ರಲ್ಲಿ ಪ್ರಕಟಿಸಿದರು. ಭಾರತದ ಭೂಫಲಕವು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಉತ್ತರಕ್ಕೆ ಒತ್ತುತ್ತದೆ. ತುಂಬಿದ ಒತ್ತಡ ಒಮ್ಮೆ ಬಿಡುಗಡೆಯಾಗುತ್ತದೆ. ಆ ಲೆಕ್ಕದಲ್ಲಿ ಪುಣ್ಯಪಾಪಗಳಿಗೆ ಕಲಮಿಲ್ಲ.

1934ರ ಸಂದೇಹವಾದಿಗೂ ಇದು ತಿಳಿದಿರಲಿಲ್ಲ. ಖಂಡಗಳು ಚಲಿಸುತ್ತವೆಂದ ವೆಗೆನರನನ್ನು ಆಗಿನ್ನೂ ಬಹುಪಾಲು ಭೂವಿಜ್ಞಾನಿಗಳೇ ಒಪ್ಪಿರಲಿಲ್ಲ. ಒಪ್ಪಿದ್ದು 1960ರ ದಶಕದಲ್ಲಿ. ಆದರೂ ಸಂದೇಹವಾದಿಯ ಅಜ್ಞಾನ ಪ್ರಾಮಾಣಿಕವಾದುದು. ಅದು ಕಾದು ನೋಡಬಲ್ಲದು, ತಪ್ಪೆಂದು ಕಂಡದ್ದನ್ನು ಬಿಡಬಲ್ಲದು. ದೈವಕೋಪದ ವಿವರಣೆಗೆ ಈ ಎರಡೂ ಅಸಾಧ್ಯ. ಯಾವ ಊರು ಕುಸಿದರೂ ಅದಕ್ಕೆ ಒಂದು ಪಾಪ ಸಿಕ್ಕೇ ಸಿಗುತ್ತದೆ.

ಶಿಕ್ಷಿಸುವ ಸೃಷ್ಟಿಕರ್ತನನ್ನು ಒಪ್ಪದ ಜೈನರು ಈ ದೋಷದಿಂದ ಪಾರಾದರೆಂದು ಹಿಗ್ಗಬೇಕಿಲ್ಲ. ಸತ್ತವರನ್ನು ಕುರಿತು 'ಅವರವರ ಪಾಪಕರ್ಮದ ಉದಯ' ಎಂದು ನಿಟ್ಟುಸಿರಿಟ್ಟು ಊಟಕ್ಕೆ ಕೂರುವವನು ದೇವರ ಹೆಸರನ್ನು ತೆಗೆದು ಅದೇ ತೀರ್ಪನ್ನು ಓದುತ್ತಾನೆ. ಕರ್ಮಸಿದ್ಧಾಂತವಿರುವುದು ತನ್ನ ನಡತೆಯನ್ನು ತಿದ್ದಿಕೊಳ್ಳುವುದಕ್ಕೆ. ನೆರೆಯವನ ಹೆಣದ ಮೇಲೆ ಷರಾ ಬರೆಯುವುದಕ್ಕಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ದಶಲಕ್ಷಣ ಪರ್ವ ಮುಗಿದ ಅನಂತ ಚತುರ್ದಶಿಯ ಇರುಳಿನಲ್ಲೇ, ಕರ್ನಾಟಕದ ಗಡಿಗೆ ಸಮೀಪದ ಕಿಲ್ಲಾರಿಯಲ್ಲಿ ನೆಲ ಅದುರಿತು. ಬಿಹಾರದ್ದಕ್ಕೆ ಹೋಲಿಸಿದರೆ ಅದು ಬಹಳ ಸಣ್ಣ ಕಂಪನ, ತೀವ್ರತೆ ಸುಮಾರು 6.2. ಸತ್ತವರು ಮಾತ್ರ ಹತ್ತಿರಹತ್ತಿರ ಹತ್ತು ಸಾವಿರ. ಕೊಂದದ್ದು ಕೆಸರುಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಅವುಗಳ ಮೇಲೆ ಹೇರಿದ ಮಣ್ಣಿನ ಭಾರದ ಮಾಳಿಗೆ. ಇಂಥ ಗೋಡೆಯ ಎರಡೂ ಮುಖಗಳನ್ನು ಹಿಡಿದಿಡುವ ಅಡ್ಡಗಲ್ಲುಗಳನ್ನೂ ಬಾಗಿಲಿನ ಮೇಲ್ಮಟ್ಟದಲ್ಲಿ ಮನೆಯನ್ನು ಸುತ್ತುವ ಪಟ್ಟಿಯನ್ನೂ ಹೇಗೆ ಕೂರಿಸಬೇಕೆಂದು ಭಾರತೀಯ ಮಾನಕ ಸಂಸ್ಥೆ ಅದೇ 1993ರಲ್ಲಿ ಮುದ್ರಿಸಿತು. ಧರ್ಮಸಭೆಗಳಲ್ಲಿ ಪಾಪದ ಪಟ್ಟಿ ಓದುವವರು ಒಮ್ಮೆಯಾದರೂ ಆ ಪುಟಗಳನ್ನು ಊರಿನ ಗೌಂಡಿಗೆ ಓದಿ ಹೇಳಲಿ.