ನೀರಿನ ಜೀವವೆಂದು ಕೆರೆಗೆ ಬಿಡಬೇಡಿ

ಬಕೆಟ್ ಹಿಡಿದು ಕೆರೆ ಏರಿಯ ಮೇಲೆ ಬರುವವರಿಗೆ ಈ ಮಾತು. ಅದರೊಳಗಿರುವುದು ಮಕ್ಕಳು ಹಟ ಹಿಡಿದು ತರಿಸಿಕೊಂಡ ಆಮೆ, ಇಲ್ಲವೇ ಅಕ್ವೇರಿಯಮ್ಮಿನಲ್ಲಿ ಹಿಡಿಸದಷ್ಟು ಬೆಳೆದ ಮೀನು. ಕೊಲ್ಲಲು ಮನಸ್ಸಿಲ್ಲ, ಸಾಕಲು ಜಾಗವಿಲ್ಲ. ನೀರಿನ ಜೀವ ನೀರು ಸೇರಲಿ, ನಮಗೂ ಒಂದಿಷ್ಟು ಪುಣ್ಯ ಬರಲಿ ಎಂದುಕೊಂಡು ಬಗ್ಗುತ್ತೀರಿ. ದಯವಿಟ್ಟು ನಿಲ್ಲಿ.

ಕೊಂಡಾಗ ಆ ಆಮೆ ಹೇಗಿತ್ತು ನೆನಪಿಸಿಕೊಳ್ಳಿ. ಅಂಗೈಯಲ್ಲಿ ಕೂರುವ ಹಸಿರು ಚಿಪ್ಪು, ಕಣ್ಣ ಹಿಂದೆ ಕುಂಕುಮ ಎಳೆದಂಥ ಪಟ್ಟೆ. ಅದು ರೆಡ್ ಇಯರ್ಡ್ ಸ್ಲೈಡರ್, ಅಮೆರಿಕದ ಮಿಸಿಸಿಪ್ಪಿ ಸೀಮೆಯದು. ಬೆಳೆದರೆ ಒಂದಡಿ, ಇಪ್ಪತ್ತು ಮೂವತ್ತು ವರ್ಷ ಬದುಕೀತು. ಮುಟ್ಟಿ ಆಡುವ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲುತ್ತದೆಂದು ಅದರ ತವರಿನಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ಯುರೋಪಿನ ಒಕ್ಕೂಟ 1997ರಲ್ಲಿ ಆಮದನ್ನೇ ನಿಲ್ಲಿಸಿತು. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಕೆರೆಗಿಳಿದರೆ ನಮ್ಮ ಆಮೆಗಳು ಬಿಸಿಲು ಕಾಯುವ ಬಂಡೆ, ತಿನ್ನುವ ಹುಳುಹುಪ್ಪಟೆ ಎಲ್ಲಕ್ಕೂ ಇದು ಪಾಲುದಾರ.

ಇನ್ನು ಗಾಜಿನ ಪಾಚಿ ತಿನ್ನುತ್ತದೆಂದು ತಂದ ಸಕ್ಕರ್ ಮೀನು. ದಕ್ಷಿಣ ಅಮೆರಿಕದ ಈ ಮೀನಿಗೆ ಮೈತುಂಬ ಮೂಳೆಯ ಕವಚ, ಈಜುರೆಕ್ಕೆಯ ಅಂಚಿಗೆ ಗಡಸು ಮುಳ್ಳು. ಚರಂಡಿ ಸೇರಿ ಕೊಳೆತ ನೀರಿನಲ್ಲೂ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ, ದಂಡೆಗೆ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಕಾಟ್ಲಾ, ರೋಹು ಮರಿ ಬಿಟ್ಟು ಕೆರೆ ಗುತ್ತಿಗೆ ಹಿಡಿದವನ ಬಲೆಗೆ ಇದು ಬಿದ್ದರೆ ಮುಳ್ಳು ಸಿಕ್ಕಿಕೊಳ್ಳುತ್ತದೆ. ಎಳೆದರೆ ಬಲೆ ಹರಿಯುತ್ತದೆ. ದಂಡೆಯಲ್ಲಿ ಕೂತು ಬಲೆಯ ಕಣ್ಣುಗಳನ್ನು ಒಂದೊಂದಾಗಿ ಕತ್ತರಿಸಿ ಬಿಡಿಸಬೇಕು, ಬಿಡಿಸಿದ ಮೇಲೆ ಕೊಳ್ಳುವವರಿಲ್ಲ. ನಿಮ್ಮ ಪುಣ್ಯಕ್ಕೆ ಅವನೇಕೆ ಬೆಲೆ ತೆರಬೇಕು?

ಅಕ್ವೇರಿಯಮ್ಮಿನ ಗಿಡಗಳನ್ನೂ ಹಾಗೆ ಎಸೆಯಬೇಡಿ. ಕೆರೆಗಳನ್ನು ಮುಚ್ಚಿಹಾಕಿರುವ ವಾಟರ್ ಹಯಸಿಂತ್ ಕೂಡ ಹೂವು ಚೆಂದವೆಂದು ತಂದ ಗಿಡವೇ. ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ. ತೊಟ್ಟಿಯ ಹಳೆ ನೀರನ್ನು ಚರಂಡಿಗೆ ಸುರಿಯದೆ ಹೂಕುಂಡಗಳಿಗೆ ಹಾಕಿ. ಉಪ್ಪು, ಔಷಧಿ ಬೆರೆಸಿಲ್ಲದಿದ್ದರೆ ಅದು ಗಿಡಗಳಿಗೆ ಒಳ್ಳೆಯ ಆಹಾರ.

ಸಾಕಲಾಗದಿದ್ದರೆ ಕೊಂಡ ಅಂಗಡಿಯವನನ್ನೇ ವಾಪಸು ತೆಗೆದುಕೊಳ್ಳುವಂತೆ ಒತ್ತಾಯಿಸಿ, ದೊಡ್ಡ ತೊಟ್ಟಿಯಿರುವ ಹವ್ಯಾಸಿಗಳನ್ನು ಹುಡುಕಿ. ಅದಕ್ಕೂ ಮೊದಲು, ಕೊಳ್ಳುವಾಗಲೇ ಕೇಳಿ: ಇದು ಎಷ್ಟು ದೊಡ್ಡದಾಗುತ್ತದೆ, ಎಷ್ಟು ವರ್ಷ ಬದುಕುತ್ತದೆ? ಮಗಳು ಕಾಲೇಜು ಮುಗಿಸಿ ಮನೆ ಬಿಟ್ಟ ಮೇಲೂ ಅದರ ನೀರು ಬದಲಿಸುವವರು ಯಾರು? ಉತ್ತರವಿಲ್ಲದಿದ್ದರೆ ಬರಿಗೈಯಲ್ಲಿ ಹಿಂದಿರುಗಿ. ಮಗು ಅತ್ತರೆ ಅಳಲಿ.

ಪಕ್ಕದ ಕೇರಳದಲ್ಲಿ ಅರಣ್ಯ ಸಂಶೋಧನಾ ಸಂಸ್ಥೆಯೇ ಈ ಆಮೆಗಳನ್ನು ತಂದೊಪ್ಪಿಸಿ ಎಂದು ಜನರನ್ನು ಕೇಳಿಕೊಂಡು ಇರಿಸಿಕೊಂಡಿತು. ನಮ್ಮ ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳು ಪ್ರತಿ ಜಿಲ್ಲೆಯಲ್ಲೂ ಅಂಥದೊಂದು ತೊಟ್ಟಿ ಕಟ್ಟಲಿ, ಬಾಗಿಲಿಗೆ ಬೋರ್ಡು ಹಾಕಲಿ, ತಂದುಕೊಟ್ಟವರನ್ನು ಗದರದೆ ಪಡೆದುಕೊಳ್ಳಲಿ.